ಬಿಗಿ ಮಾಡಿದಷ್ಟೂ ಸೋರುವ ನಲ್ಲಿ

ರಾತ್ರಿ ಹನ್ನೊಂದಕ್ಕೆ ಮನೆಯ ಸದ್ದೆಲ್ಲ ಅಡಗಿದ ಮೇಲೆ ಅಡುಗೆಮನೆಯಿಂದ ‘ಟಪ್’ ಅಂತ ಒಂದು ಹನಿ. ಒಂದು ಸಲ ಕೇಳಿಸಿತೋ, ಮುಗಿಯಿತು, ಕಿವಿ ಅಲ್ಲೇ ಹೋಗಿ ಕೂರುತ್ತದೆ. ಮುಂದಿನದು ಯಾವಾಗ ಬೀಳುತ್ತದೆ ಅಂತ ಕಾಯುತ್ತ ಮಲಗುವುದಕ್ಕಿಂತ ಎದ್ದು ಹೋಗಿ ನಲ್ಲಿಯ ಕೆಳಗೊಂದು ಬಟ್ಟೆ ಹಾಕಿ ಬರುವುದೇ ವಾಸಿ. ತಿಂಗಳುಗಟ್ಟಲೆ ನಾನು ಮಾಡಿದ್ದು ಅದನ್ನೇ. ಸದ್ದು ನಿಂತರೆ ಸೋರಿಕೆಯೂ ನಿಂತಂತೆ ಅನ್ನುವುದು ನನ್ನ ಲೆಕ್ಕ.

ಒಂದು ರಾತ್ರಿ ಕೈಗೆ ಬಟ್ಟೆ ಸಿಗಲಿಲ್ಲ, ಮೂರು ಲೀಟರಿನ ಪಾತ್ರೆ ಇಟ್ಟೆ. ಬೆಳಿಗ್ಗೆ ಏಳಕ್ಕೆ ನೋಡಿದರೆ ತುಂಬಿ ಚೆಲ್ಲುತ್ತಿದೆ. ಆಗ ಕೂತು ಗುಣಾಕಾರ ಮಾಡಿದೆ. ನಲ್ಲಿಯ ಒಂದು ಹನಿ ಹೆಚ್ಚುಕಡಿಮೆ ಕಾಲು ಮಿಲಿಲೀಟರ್, ಅಂದರೆ 4,000 ಹನಿಗೆ ಒಂದು ಲೀಟರ್. ನಮ್ಮದು ಎರಡು ಸೆಕೆಂಡಿಗೊಂದು ಬೀಳುತ್ತಿತ್ತು. ಎಂಟು ಗಂಟೆಗೆ 14,400 ಹನಿ, ಮೂರೂವರೆ ಲೀಟರಿಗೂ ಮೇಲೆ. ಇಡೀ ದಿನಕ್ಕೆ ಹತ್ತು ಲೀಟರ್ ದಾಟುತ್ತದೆ. ಇಷ್ಟು ದಿನ ಅದನ್ನೆಲ್ಲ ಬಟ್ಟೆಯ ಮೇಲೆ ಸದ್ದಿಲ್ಲದೆ ಬೀಳಿಸಿಕೊಂಡು ನೆಮ್ಮದಿಯಾಗಿ ಮಲಗಿದ್ದೆ.

ನಮ್ಮ ಸಿಂಕಿಗೆ ಎರಡು ನಲ್ಲಿ. ಒಂದು ಗೋಡೆಯಿಂದ ಬಂದ ಹಳೇ ಕಾಲದ ಹಿತ್ತಾಳೆಯ ತಿರುಪಿನ ನಲ್ಲಿ. ಇನ್ನೊಂದು ಬಿಸಿನೀರು, ತಣ್ಣೀರು ಎರಡೂ ಬರುವ, ಒಂದೇ ಹಿಡಿಯ ಮಿಕ್ಸರ್. ರಾತ್ರಿ ನಿದ್ದೆ ಕೆಡಿಸುತ್ತಿದ್ದದ್ದು ಹಳೆಯದು.

ಅಮ್ಮನ ಪರಿಹಾರ ಸರಳ. “ಇನ್ನೊಂದು ಸುತ್ತು ಬಿಗಿ ಮಾಡೇ, ನಿಲ್ಲುತ್ತೆ.” ನಿಲ್ಲುತ್ತಿತ್ತು ಕೂಡ, ಅದೇ ಮೋಸ. ಮಾರನೆಯ ದಿನ ಅಷ್ಟೇ ಬಿಗಿಗೆ ನಿಲ್ಲದು, ಇನ್ನೂ ಸ್ವಲ್ಪ ಬೇಕು. ಕಡೆಕಡೆಗೆ ಅಮ್ಮ ಸೆರಗನ್ನು ಹಿಡಿಗೆ ಸುತ್ತಿ, ಹಲ್ಲು ಕಚ್ಚಿ ತಿರುಗಿಸುವ ಮಟ್ಟಕ್ಕೆ ಬಂತು. ಅವಳು ಮುಚ್ಚಿದ್ದನ್ನು ತೆರೆಯಲು ನನ್ನನ್ನು ಕರೆಯಬೇಕು.

ಪ್ಲಂಬರ್ ಒಬ್ಬರು ಬಂದು ಐದು ನಿಮಿಷದಲ್ಲಿ ವಾಷರ್, ಅಂದರೆ ಒಳಗೆ ನೀರು ತಡೆಯುವ ರಬ್ಬರ್ ಬಿಲ್ಲೆ, ಬದಲಿಸಿ ಹೋದರು. ಮೂರು ವಾರ ಮನೆ ಶಾಂತವಾಗಿತ್ತು. ಆಮೇಲೆ ಮತ್ತೆ ಟಪ್. ಈ ಸಲ ನಾನೇ ಬಿಚ್ಚುತ್ತೇನೆ ಅಂತ ಹಟಕ್ಕೆ ಬಿದ್ದೆ.

ಮೊದಲ ಸಾಹಸದಲ್ಲೇ ಮುಖಕ್ಕೆ ಸ್ನಾನವಾಯಿತು. ಆ ನಲ್ಲಿಗೆ ನೀರು ಬರುವ ಸಾಲಿನ ವಾಲ್ವ್ ಮುಚ್ಚಿದ್ದೆ ನಿಜ, ಆದರೆ ವರ್ಷಗಳಿಂದ ಯಾರೂ ಮುಟ್ಟದ ವಾಲ್ವ್ ಅದು, ತಿರುಗಿತೇ ಹೊರತು ಪೂರ್ತಿ ಮುಚ್ಚಿರಲಿಲ್ಲ. ವಾಲ್ವ್ ಮುಚ್ಚಿದ ಮೇಲೆ ನಲ್ಲಿ ತೆರೆದು ಹನಿಯೂ ಬರುತ್ತಿಲ್ಲ ಅಂತ ನೋಡಿಕೊಂಡು ಆಮೇಲೆ ಸ್ಪ್ಯಾನರ್ ಹಿಡಿಯಬೇಕು ಅನ್ನುವುದು ಒದ್ದೆಯಾದ ಮೇಲೆ ಹೊಳೆಯಿತು. ಎರಡನೆಯ ಸಾಹಸದಲ್ಲಿ ಹಿಡಿಯ ಸ್ಕ್ರೂ ಜಾರಿ ಸಿಂಕಿನ ತೂತಿಗೆ ಬಿತ್ತು. ಕೆಳಗೆ ಕೊಳಚೆ ನೀರು ಹೋಗುವ ಪೈಪಿನಲ್ಲಿರುವ ಬಟ್ಟಲು, ಬಾಟಲ್ ಟ್ರ್ಯಾಪ್, ಅದನ್ನು ಬಿಚ್ಚಿ, ಅದರೊಳಗಿನ ಕಪ್ಪು ಲೋಳೆಯಲ್ಲಿ ಕೈಯಾಡಿಸಿ ಸ್ಕ್ರೂ ಹುಡುಕಿದ್ದನ್ನು ಇಲ್ಲಿ ವರ್ಣಿಸುವುದು ಬೇಡ. ಸಿಂಕಿನ ತೂತಿಗೆ ಮೊದಲು ಬಟ್ಟೆ ತುರುಕಿ. ಹೇಗೂ ನನ್ನ ಹತ್ತಿರ ಬಟ್ಟೆ ಬೇಕಾದಷ್ಟಿತ್ತು.

ಹಿಡಿ ತೆಗೆದು, ಸ್ಪಿಂಡಲ್ (ಹಿಡಿಯ ಜೊತೆ ತಿರುಗುವ ಒಳಗಿನ ಕಡ್ಡಿ) ಕೂತಿರುವ ದೊಡ್ಡ ನಟ್ಟನ್ನು ಸ್ಪ್ಯಾನರಿನಿಂದ ಬಿಚ್ಚಿದರೆ ಒಳಗಿನದೆಲ್ಲ ಒಂದೇ ತುಂಡಾಗಿ ಕೈಗೆ ಬರುತ್ತದೆ. ಬಿಚ್ಚುವಾಗ ಇನ್ನೊಂದು ಕೈಯಲ್ಲಿ ನಲ್ಲಿಯ ಮೈಯನ್ನು ಗಟ್ಟಿಯಾಗಿ ಹಿಡಿದಿರಬೇಕು, ಇಲ್ಲದಿದ್ದರೆ ಗೋಡೆಯೊಳಗಿನ ಜೋಡಣೆಯೇ ತಿರುಗಿ ಚಿಕ್ಕ ಸೋರಿಕೆ ದೊಡ್ಡ ಕೆಲಸವಾಗುತ್ತದೆ. ಸ್ಪಿಂಡಲ್ ತುದಿಯಲ್ಲಿ ವಾಷರ್. ಹೊಸದಾಗಿ ಹಾಕಿ ಮೂರೇ ವಾರ ಆಗಿತ್ತು, ಅದರ ಮೇಲೆ ಬಳೆಯ ಗುರುತಿನ ಹಾಗೆ ದುಂಡನೆಯ ಗೀರು. ಗೀರು ಬಿದ್ದರೆ ವಿಶೇಷವಿಲ್ಲ, ಎಲ್ಲ ವಾಷರಿಗೂ ಬೀಳುತ್ತದೆ. ಇದರಲ್ಲಿ ಒಂದು ಕಡೆ ಮಾತ್ರ ರಬ್ಬರ್ ಕಚ್ಚಿ ತೆಗೆದಂತೆ ಹರಿದಿತ್ತು. ಕಚ್ಚಿದ್ದು ಯಾರು?

ಟಾರ್ಚ್ ಹಿಡಿದು ನಲ್ಲಿಯೊಳಗೆ ನೋಡಿದೆ. ನೀರು ಬರುವ ತೂತಿನ ಸುತ್ತ ಹಿತ್ತಾಳೆಯ ಒಂದು ಅಂಚು ಇರುತ್ತದೆ, ಅದಕ್ಕೆ ಸೀಟ್ ಅನ್ನುತ್ತಾರೆ. ವಾಷರ್ ಬಂದು ಕೂರುವುದು ಅದರ ಮೇಲೆಯೇ. ಕಣ್ಣಿಗೆ ಸರಿಯಾಗೇ ಕಂಡಿತು. ಕಿರುಬೆರಳು ಹಾಕಿ ಸುತ್ತ ಆಡಿಸಿದಾಗ ಒಂದು ಕಡೆ ಉಗುರು ಸಿಕ್ಕಿಕೊಂಡಿತು. ಸಣ್ಣ ಗುಳಿ, ಪಕ್ಕದಲ್ಲೇ ಚೂಪು ಅಂಚು. ಹಳೇ ವಾಷರ್ ಸವೆದಿದ್ದಾಗ ನಾವು ತಿಂಗಳುಗಟ್ಟಲೆ ಸೋರಲು ಬಿಟ್ಟೆವಲ್ಲ, ಆಗ ಆ ಸಂದಿನಲ್ಲಿ ನುಗ್ಗುತ್ತಿದ್ದ ನೀರು ಹಿತ್ತಾಳೆಯನ್ನೇ ಕೊರೆದಿತ್ತು. ಅದರ ಮೇಲೆ ಹೊಸ ರಬ್ಬರನ್ನು ಸೆರಗು ಸುತ್ತಿದ ಕೈಯಿಂದ ಒತ್ತಿದರೆ ಹರಿಯದೆ ಇನ್ನೇನು? ಬಿಗಿ ಮಾಡಿದಷ್ಟೂ ಅಂಚು ಆಳಕ್ಕೆ ಇಳಿಯುತ್ತದೆ. ಅಂದರೆ ಸೋರಿಕೆಗೆ ನಾವು ಕೊಡುತ್ತಿದ್ದ ಔಷಧಿಯೇ ಅದಕ್ಕೆ ಆಹಾರವಾಗಿತ್ತು.

ಸೀಟನ್ನು ಉಜ್ಜಿ ಸಮ ಮಾಡುವ ಒಂದು ಪುಟ್ಟ ಸಾಧನ ಸಿಗುತ್ತದೆ. ನಲ್ಲಿಯ ಬಾಯಿಗೆ ತಿರುಪಿ, ಮೇಲಿನ ಹಿಡಿಯನ್ನು ಹಗುರವಾಗಿ ಒತ್ತಿ ಕೆಲವು ಸುತ್ತು ಸುತ್ತಿಸಿದರೆ ಅಂಚು ಮತ್ತೆ ನುಣುಪಾಗುತ್ತದೆ. ನಾಲ್ಕು ಸುತ್ತು, ಒಮ್ಮೆ ಬೆರಳು, ಮತ್ತೆ ನಾಲ್ಕು ಸುತ್ತು. ಉಗುರು ಎಲ್ಲೂ ತಡೆಯದಿದ್ದಾಗ ನಿಲ್ಲಿಸಿದೆ. ಹಿತ್ತಾಳೆಯ ಪುಡಿ ತೊಳೆದು, ಹೊಸ ವಾಷರ್ ಹಾಕಿ ಜೋಡಿಸಿದೆ. ಬೆರಳ ತುದಿಯಲ್ಲಿ ಮುಚ್ಚಿದರೂ ನೀರು ನಿಂತಿತು. “ಅಮ್ಮಾ, ಇನ್ನು ಮೇಲೆ ಇಷ್ಟೇ” ಅಂತ ತೋರಿಸಿದೆ. “ಇಷ್ಟಕ್ಕೇ ನಿಲ್ಲೋದಾದ್ರೆ ನಾನ್ಯಾಕೆ ಕುಸ್ತಿ ಆಡ್ತಿದ್ದೆ?” ಅಂದಳು. ಅವಳ ಮಾತೂ ಸರಿಯೇ.

ಅಲ್ಲಿಂದ ಮುಂದೆ ಒಂದು ಅಭ್ಯಾಸ ಮಾಡಿಕೊಂಡೆ. ಬಿಚ್ಚುವುದಕ್ಕೆ ಮೊದಲು ನೀರು ಎಲ್ಲಿಂದ ಬರುತ್ತಿದೆ, ಯಾವಾಗ ಬರುತ್ತಿದೆ ಅಂತ ಹತ್ತು ನಿಮಿಷ ಸುಮ್ಮನೆ ನಿಂತು ನೋಡುವುದು. ಮುಚ್ಚಿದಾಗ ಬಾಯಿಂದ ಹನಿಯುವುದು ಒಂದು ಕಾಯಿಲೆ, ತೆರೆದಾಗ ಕುತ್ತಿಗೆಯಿಂದ ಒಸರುವುದು ಬೇರೆಯೇ ಕಾಯಿಲೆ. ಹಳೇ ನಲ್ಲಿಯ ಹಿಡಿಯ ಬುಡದಲ್ಲಿ, ಅದೂ ನೀರು ಬಿಟ್ಟಾಗ ಮಾತ್ರ ಒದ್ದೆಯಾಗುತ್ತಿದ್ದರೆ ವಾಷರಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ಸ್ಪಿಂಡಲನ್ನು ಸುತ್ತಿಕೊಂಡಿರುವ ಚಿಕ್ಕ ನಟ್ಟನ್ನು, ಅಂದರೆ ಗ್ಲ್ಯಾಂಡ್ ನಟ್ಟನ್ನು, ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಬಿಗಿ ಮಾಡಿ ನೋಡಿ. ನಿಲ್ಲದಿದ್ದರೆ ಆ ನಟ್ಟನ್ನು ಬಿಚ್ಚಿ, ಟೆಫ್ಲಾನ್ ಟೇಪನ್ನು ಹುರಿ ಹೊಸೆದು ಸ್ಪಿಂಡಲ್ ಸುತ್ತ ಸುತ್ತಿ, ಮೇಲೆ ನಟ್ ಕೂರಿಸಿದರೆ ಸಾಕು. ಇಲ್ಲೂ ಹೆಚ್ಚು ಬಿಗಿದರೆ ಹಿಡಿ ತಿರುಗುವುದೇ ಕಷ್ಟ.

ಮಿಕ್ಸರ್ ಕೈಕೊಟ್ಟಾಗ ಈ ಅಭ್ಯಾಸ ಉಪಯೋಗಕ್ಕೆ ಬಂತು. ಅದರ ಬುಡದಲ್ಲಿ ಸದಾ ಒಂದು ಪುಟ್ಟ ಕೊಳ. ಒರೆಸಿ ಕಾದೆ, ಏನಿಲ್ಲ. ನೀರು ಬಿಟ್ಟೆ, ಏನಿಲ್ಲ. ನೀರು ಬಿಟ್ಟುಕೊಂಡೇ ಅದರ ಉದ್ದನೆಯ ಮೂತಿಯನ್ನು ಎಡಕ್ಕೆ ತಿರುಗಿಸಿದೆ, ಬುಡದಿಂದ ಸಣ್ಣ ಗೆರೆಯಾಗಿ ನೀರು ಇಳಿಯಿತು. ಮೂತಿ ತಿರುಗುವ ಜಾಗದಲ್ಲಿ ಒಂದೋ ಎರಡೋ ಓ-ರಿಂಗ್ ಇರುತ್ತವೆ, ಬಳೆಯಾಕಾರದ ತೆಳ್ಳನೆಯ ರಬ್ಬರ್. ದಿನಕ್ಕೆ ಎಷ್ಟು ಸಲ ಆ ಕಡೆ ಈ ಕಡೆ ತಿರುಗಿಸುತ್ತೇವೋ ಅಷ್ಟೂ ಸಲ ಉಜ್ಜಿ ಚಪ್ಪಟೆಯಾಗಿದ್ದವು. ಹಳೆಯದನ್ನೇ ಮಾದರಿಗೆ ಕೊಂಡೊಯ್ದು ಅದೇ ಅಳತೆಯದನ್ನು ತಂದು ಹಾಕಿದೆ. ಹಾಕುವಾಗ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಬೇಕು. ಕೈಗೆ ಸಿಕ್ಕಿತು ಅಂತ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಡಿ. ನಲ್ಲಿಗಳಲ್ಲಿ ಬಳಸುವ ಹಲವು ಬಗೆಯ ರಬ್ಬರ್ ಅದಕ್ಕೆ ಉಬ್ಬಿ ಮೆತ್ತಗಾಗುತ್ತದೆ.

ಮೂತಿಯ ತುದಿಯ ಜಾಲರಿಯನ್ನೂ ಆ ದಿನವೇ ಬಿಚ್ಚಿದೆ. ಅರ್ಧ ತೂತುಗಳಲ್ಲಿ ಬಿಳಿ ಸುಣ್ಣ ಗಟ್ಟಿಯಾಗಿ ಕೂತಿತ್ತು. ಮುಂದೆ ದಾರಿ ಕಟ್ಟಿದರೆ ನೀರು ಹಿಂದಕ್ಕೆ ಒತ್ತುತ್ತದೆ, ಸವೆದ ಓ-ರಿಂಗಿನ ಸಂದಿನಲ್ಲಿ ಹೊರಬರುತ್ತದೆ. ಜಾಲರಿಯನ್ನು ವಿನೆಗರಿನಲ್ಲಿ ನೆನೆಹಾಕಿದಾಗ ಸಣ್ಣ ಗುಳ್ಳೆಗಳು ಏಳುತ್ತ ಸುಣ್ಣ ಕರಗುವುದನ್ನು ನೋಡುವುದೇ ಒಂದು ಚಂದ. ನಾನಂತೂ ಬಗ್ಗಿ ನೋಡುತ್ತ ಕೂತಿದ್ದೆ.

ಒಂದೇ ಹಿಡಿಯ ಮಿಕ್ಸರಿನ ಹಿಂದೆ ಒಂದು ಕಥೆಯಿದೆ. ಆಲ್ಫ್ರೆಡ್ ಮೊಯೆನ್ ಎಂಬ ಅಮೆರಿಕದ ವಿದ್ಯಾರ್ಥಿ 1937ರಲ್ಲಿ ಎರಡು ಹಿಡಿಯ ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡನಂತೆ. ಒಂದೇ ಹಿಡಿಯಲ್ಲಿ ಹದವಾದ ನೀರು ಬರಬಾರದೇಕೆ ಅಂತ ಯೋಚಿಸಿದವನ ನಲ್ಲಿ ಮಾರಾಟಕ್ಕೆ ಬರಲು 1947 ಆಯಿತು. ಕೈ ಸುಟ್ಟುಕೊಂಡವರು ಲೆಕ್ಕವಿಲ್ಲದಷ್ಟು, ಹತ್ತು ವರ್ಷ ಅದನ್ನೇ ಹಿಡಿದು ಕೂತವನು ಇವನು.

ಈಗಿನ ಮಿಕ್ಸರುಗಳಲ್ಲಿ ಹಿಡಿಯ ಕೆಳಗೆ ಕೂರುವ, ನೀರು ಬಿಟ್ಟು ನಿಲ್ಲಿಸುವ ಡಬ್ಬಿಯಂಥ ಭಾಗವೇ ಕಾರ್ಟ್ರಿಜ್. ಅದರ ಒಳಗೆ ಸಾಮಾನ್ಯವಾಗಿ ಎರಡು ಸೆರಾಮಿಕ್ ಬಿಲ್ಲೆಗಳಿರುತ್ತವೆ. ಕನ್ನಡಿಯಷ್ಟು ನುಣುಪು, ಒಂದರ ಮೇಲೊಂದು ಜಾರಿ ನೀರಿನ ದಾರಿ ತೆರೆಯುತ್ತವೆ, ಮುಚ್ಚುತ್ತವೆ. ಬಿಲ್ಲೆ ಸುಲಭಕ್ಕೆ ಸವೆಯುವ ವಸ್ತುವಲ್ಲ. ಆದರೆ ಪೈಪಿನಿಂದ ಬಂದ ಒಂದು ಮರಳಿನ ಕಣ ನಡುವೆ ಸಿಕ್ಕಿಕೊಂಡರೆ ಎರಡೂ ಪೂರ್ತಿ ಕೂಡುವುದಿಲ್ಲ, ಮುಚ್ಚಿದರೂ ಬಾಯಿಂದ ಹನಿ. ತೊಳೆದು ನೋಡಬಹುದು, ಒಮ್ಮೊಮ್ಮೆ ಸರಿಹೋಗುತ್ತದೆ. ಬಿಲ್ಲೆಯ ಅಂಚು ಸಿಡಿದಿದ್ದರೆ ಕಾರ್ಟ್ರಿಜ್ಜನ್ನೇ ಬದಲಿಸಬೇಕು. ಅಡ್ಡಳತೆ 35 ಮಿಲಿಮೀಟರಿನದೂ ಇರುತ್ತದೆ, 40ರದೂ ಇರುತ್ತದೆ, ತಳದ ಮೊಳೆಗಳ ಜಾಗವೂ ಬೇರೆಬೇರೆ, ಆದ್ದರಿಂದ ಹಳೆಯದು ಕೈಯಲ್ಲಿರಲಿ. ಬದಲಿಸಿದ ಮೇಲೆ ಹಿಡಿ ತೆರೆದಿಟ್ಟುಕೊಂಡು ವಾಲ್ವನ್ನು ನಿಧಾನಕ್ಕೆ ಬಿಡಬೇಕು. ಪೈಪಿನಲ್ಲಿದ್ದ ಗಾಳಿ ನೀರಿನೊಂದಿಗೆ ಒಮ್ಮೆಲೇ ಬಂದು ಬಡಿದರೆ ಹೊಸ ಬಿಲ್ಲೆ ಬಿರುಕು ಬಿಡಬಹುದು.

ಒಂದು ಮಾತು: ಎತ್ತರಕ್ಕೆ ಬಾಗಿದ ಮೂತಿಯ ನಲ್ಲಿ ಮುಚ್ಚಿದ ಮೇಲೆ ನಾಲ್ಕೈದು ಹನಿ ಬೀಳಿಸಿ ಸುಮ್ಮನಾದರೆ ಅದು ಸೋರಿಕೆಯಲ್ಲ. ಮೂತಿಯಲ್ಲಿ ಉಳಿದ ನೀರು ಇಳಿಯುತ್ತಿದೆ, ಅಷ್ಟೇ. ಅದಕ್ಕೂ ಬಿಚ್ಚಲು ಹೋದವಳು ನಾನು.

ಸಿಂಕಿನ ಕೆಳಗಿನ ಕಪಾಟು ಒದ್ದೆಯಾದರೆ ಮಾತ್ರ ಪತ್ತೇದಾರಿ ಬೇಕು. ನೀರು ಒಂದು ಕಡೆ ಹುಟ್ಟಿ ಪೈಪ್ ಹಿಡಿದು ಇಳಿದು ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಎಲ್ಲ ಒರೆಸಿ, ತಳಕ್ಕೆ ಹಳೇ ಪತ್ರಿಕೆ ಹಾಸಿ, ನೀರು ಬಿಡದೆ ಒಂದು ಗಂಟೆ, ಬಿಟ್ಟು ಒಂದು ಗಂಟೆ ನೋಡಿದೆ. ಬಿಡದಿದ್ದಾಗಲೂ ಕಾಗದದ ಮೇಲೆ ಒಂದು ದುಂಡು ಗುರುತು ಮೂಡಿತು. ಅಂದರೆ ಸದಾ ಒತ್ತಡ ಇರುವ ಕಡೆಯ ಸೋರಿಕೆ, ವಾಲ್ವಿನಿಂದ ನಲ್ಲಿಗೆ ಹೋಗುವ ಹೋಸ್ ಪೈಪಿನದು. ಅದರ ನಟ್ಟು ಕೂರುವ ತಿರುಪಿನ ಎಳೆಗಳಿಗೆ ಯಾರೋ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿದ್ದರು. ಅಲ್ಲಿ ನೀರು ತಡೆಯುವುದು ನಟ್ಟಿನೊಳಗಿನ ರಬ್ಬರ್ ವಾಷರ್, ಎಳೆಗಳಲ್ಲ. ಟೇಪು ತುಂಬಿದ್ದರಿಂದ ನಟ್ಟು ಒಳಗೆ ಪೂರ್ತಿ ಹೋಗದೆ ವಾಷರ್ ಸರಿಯಾಗಿ ಕೂತೇ ಇರಲಿಲ್ಲ. ಟೇಪ್ ಕಿತ್ತು, ವಾಷರ್ ಬದಲಿಸಿ, ಕೈಯಲ್ಲಿ ಬಿಗಿದು, ಸ್ಪ್ಯಾನರಿನಿಂದ ಕಾಲು ಸುತ್ತು. ಹೋಸ್ ಮೇಲಿನ ಸ್ಟೀಲ್ ಹೆಣಿಗೆಯಲ್ಲಿ ತುಕ್ಕಿನ ಚುಕ್ಕೆಯೋ, ಕಿತ್ತ ತಂತಿಯೋ ಕಂಡರೆ ರಿಪೇರಿ ಯೋಚನೆ ಬೇಡ, ಹೊಸದು ಹಾಕಿ. ಅದು ಹನಿಹನಿಯಾಗಿ ಹೋಗುವ ಜಾತಿಯಲ್ಲ, ಒಮ್ಮೆಲೇ ಒಡೆಯುವ ಜಾತಿ.

ಕಡೆಗೊಮ್ಮೆ ಆ ಹಿತ್ತಾಳೆ ನಲ್ಲಿಯ ಸ್ಪಿಂಡಲಿನ ಎಳೆಗಳೇ ಸವೆದವು. ಅದೇ ಜಾಗಕ್ಕೆ ಕೂರುವ, ಕಾಲು ಸುತ್ತಿಗೇ ತೆರೆಯುವ ಸೆರಾಮಿಕ್ ಕಾರ್ಟ್ರಿಜ್ ತಂದೆ. ಹಿಡಿ ಕೂರುವ ಕಡೆ 20 ಹಲ್ಲೋ 24 ಹಲ್ಲೋ ಅಂತ ಎರಡು ಸಲ ಎಣಿಸಿದ್ದೆ, ಎಳೆಯ ಅಳತೆ ನೋಡಿದ್ದೆ. ಇವು ಎಡಕ್ಕೆ ತೆರೆಯುವುದು, ಬಲಕ್ಕೆ ತೆರೆಯುವುದು ಅಂತ ಎರಡು ಬಗೆ ಬರುತ್ತವೆ ಅನ್ನುವುದು ಜೋಡಿಸಿ ನೀರು ಬಿಟ್ಟ ಮೇಲೆ ಗೊತ್ತಾಯಿತು. ಹನಿ ಸೋರುವುದಿಲ್ಲವಲ್ಲ, ಇರಲಿ ಅಂತ ಹಾಗೇ ಬಿಟ್ಟಿದ್ದೇನೆ. ಅಮ್ಮ ಎರಡೇ ದಿನದಲ್ಲಿ ಒಗ್ಗಿಕೊಂಡಳು. ಮನೆಗೆ ಬಂದವರು ಮಾತ್ರ ಕೈ ತೊಳೆಯಲು ಹೋಗಿ, ಎಡಕ್ಕೆ ತಿರುಗಿಸಲು ನೋಡಿ, ಅಲುಗದೆ, “ನೀರು ಬರ್ತಿಲ್ವಾ?” ಅಂತ ಕೂಗುತ್ತಾರೆ. ಒಳಗಿನಿಂದ ಅಮ್ಮನ ಉತ್ತರ ಬರುತ್ತದೆ: “ಬಲಕ್ಕೆ ತಿರುಗಿಸಿ. ಮೆಲ್ಲಗೆ!”