ತೊಟ್ಟಿಮನೆಯ ಸ್ಪ್ಯಾನಿಷ್ ಚೀಟಿಗಳು

ಓದಿಗೆಂದು ಸ್ಪೇನಿನ ಕೊರ್ದೊಬಾ ನಗರಕ್ಕೆ ಹೋಗಿರುವ ಮಗಳ ಜೊತೆ ಮೂರು ತಿಂಗಳು ಇದ್ದು ಬರುವುದೆಂದು ನಿಶ್ಚಯವಾದಾಗ, ಅಲ್ಲಿನ ಮನೆಯೊಳಗಿನ ವಸ್ತುಗಳ ಹೆಸರುಗಳನ್ನಾದರೂ ಕಲಿತು ಹೋಗಬೇಕೆಂದು ನನಗೆ ಬಲವಾಗಿ ಅನ್ನಿಸಿತು. ಎರಡು ವಾರ ನೋಟ್‌ಪುಸ್ತಕದಲ್ಲಿ ಪಟ್ಟಿ ಬರೆದು ಬಾಯಿಪಾಠ ಮಾಡಿದೆ. ರಾತ್ರಿ ನಾಲಿಗೆಯ ಮೇಲಿದ್ದ ಪದ ಬೆಳಿಗ್ಗೆ ರೊಟ್ಟಿ ತಟ್ಟುವ ಹೊತ್ತಿಗೆ ಮರೆತುಹೋಗಿರುತ್ತಿತ್ತು.

ಆಷಾಢದ ಒಂದು ದಿನ, ಮೂಡಿಗೆರೆ ಕಡೆಯ ನಮ್ಮ ಹಳೆಯ ಮನೆಯಲ್ಲಿ ಕರೆಂಟು ಹೋಗಿ, ಜಡಿಮಳೆಗೆ ತೋಟದ ಕಡೆ ಕಾಲಿಡಲಾಗದೆ ಕುಳಿತಿದ್ದಾಗ, ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಚೀಟಿಗಳಾಗಿ ಕತ್ತರಿಸಿ, ಹೆಸರು ಬರೆದು, ಅನ್ನದ ಅಗುಳಿನಿಂದ ಒಂದೊಂದೇ ವಸ್ತುವಿಗೆ ಅಂಟಿಸತೊಡಗಿದೆ.

ಮೊದಲ ತೊಡಕು ಲಿಂಗದ್ದು. ಕನ್ನಡದಲ್ಲಿ ಮಂಚವೂ ಕುರ್ಚಿಯೂ ‘ಅದು’. ಸ್ಪ್ಯಾನಿಷ್‌ನಲ್ಲಿ ಕುರ್ಚಿ ‘ಲಾ ಸಿಯ್ಯಾ’, ಸ್ತ್ರೀಲಿಂಗ. ಅದೇ ಕುರ್ಚಿ ಕೈಯಿಟ್ಟುಕೊಂಡು ಮೆತ್ತನೆಯ ಆಸನವಾದರೆ ‘ಎಲ್ ಸಿಯ್ಯೋನ್’, ಪುಲ್ಲಿಂಗ. ಇದಕ್ಕೆ ಕಾರಣ ಹುಡುಕುವುದು ವ್ಯರ್ಥವೆಂದು ತಿಳಿದು, ‘ಎಲ್’, ‘ಲಾ’ಗಳನ್ನು ಹೆಸರಿನ ಭಾಗವೆಂದೇ ಕಲಿತೆ. ಉಚ್ಚಾರಣೆಯಲ್ಲಿ ಮಾತ್ರ ನಮಗೆ ದೊಡ್ಡ ಅನುಕೂಲವಿದೆ: ಅವರ ‘ತ’ ನಮ್ಮ ‘ತ’ಕಾರವೇ, ಇಂಗ್ಲಿಷಿನ ‘ಟ’ ಅಲ್ಲ. ಕಿಟಕಿಗೆ ‘ಬೆಂತಾನಾ’ ಎನ್ನುತ್ತಾರೆ. ಗಾಳಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ ಹೆಸರದು. ನಮ್ಮವರು ಬೆಳಕನ್ನು ನೆನೆದು ಬೆಳಕಿಂಡಿ ಎಂದರೆ, ಅವರು ಗಾಳಿಯನ್ನು ನೆನೆದಿದ್ದಾರೆ.

ಅತ್ತೆ ಹಿಂದೆಯೇ ಬಂದರು. “ಈ ಅಲಮಾರಿಗೆ ಏನಂತಾರೆ?” ಎಂದರು.

“ಅರ್ಮಾರಿಯೊ, ಅತ್ತೆ.”

“ನಮ್ಮದೇ ಹೆಸರಲ್ವೇನೇ ಅದು!”

ಅವರ ಮಾತು ಸುಳ್ಳಲ್ಲ. ಪೋರ್ಚುಗೀಸರ ‘ಅರ್ಮಾರಿಯು’ ನಮ್ಮಲ್ಲಿ ಅಲಮಾರಿಯಾಯಿತು. ಸ್ಪೇನಿನ ಪದ ಅದರ ಒಡಹುಟ್ಟು. ದಿಂಬಿಗೆ ‘ಅಲ್ಮೊಆದಾ’, ನೆಲಹಾಸಿಗೆ ‘ಅಲ್ಫೊಂಬ್ರಾ’, ಗೋಡೆಗೂಡಿನಂಥ ಕಪಾಟಿಗೆ ‘ಅಲಸೇನಾ’. ಇವುಗಳ ಮೊದಲ ‘ಅಲ್’ ಅರಬ್ಬಿಯದು. ಕೊರ್ದೊಬಾ 711ರಿಂದ 1236ರವರೆಗೆ ಮುಸ್ಲಿಂ ಆಳ್ವಿಕೆಯಲ್ಲಿತ್ತು. ಅಷ್ಟು ಶತಮಾನಗಳ ಬಾಳುವೆ ದಿಂಬಿನ ಹೆಸರಿನಲ್ಲಿ ಇನ್ನೂ ಉಳಿದಿದೆ ಎಂಬುದು, ಅತ್ತೆಯ ಬೂರುಗದ ಹತ್ತಿಯ ದಿಂಬಿಗೆ ಚೀಟಿ ಸಿಕ್ಕಿಸುವಾಗ ನನ್ನನ್ನು ತುಂಬ ತಟ್ಟಿತು.

ಮಣೆಗೆ ಯಾವ ಚೀಟಿಯೂ ಹೊಂದಲಿಲ್ಲ. ‘ತಾಬುರೇತೆ’ ಎಂದರೆ ಕಾಲುಳ್ಳ ಸ್ಟೂಲು. ಊಟಕ್ಕೆ ನೆಲದ ಮೇಲೆ ಹಾಕುವ ಹಲಸಿನ ಹಲಗೆಗೆ ಆ ಹೆಸರಿಡಲು ಮನಸ್ಸು ಬರಲಿಲ್ಲ.

ಕೊನೆಗೆ ಉಳಿದದ್ದು ತೊಟ್ಟಿ. ಸುತ್ತ ಜಗಲಿ, ನಡುವೆ ಬಯಲು, ನಾಲ್ಕೂ ಸೂರಿನಿಂದ ಧಾರೆಯಾಗಿ ಇಳಿಯುವ ನೀರು. ಇದಕ್ಕೆ ಪದ ಸಿಗದೆಂದೇ ಎಣಿಸಿದ್ದೆ. ಆದರೆ ಮಗಳು ಕಳಿಸಿದ್ದ ಚಿತ್ರಗಳಲ್ಲಿ ಕೋಣೆಗಳ ನಡುವೆ ಆಕಾಶಕ್ಕೆ ತೆರೆದ ಅಂಗಳ, ಗೋಡೆಯ ತುಂಬ ಹೂಕುಂಡಗಳು ಇದ್ದವು. ಅದೇ ‘ಎಲ್ ಪಾತಿಯೊ’. ಕೊರ್ದೊಬಾದಲ್ಲಿ ಪ್ರತಿ ಮೇ ತಿಂಗಳಲ್ಲಿ ಇಂಥ ಅಂಗಳಗಳ ಹಬ್ಬವೇ ನಡೆಯುತ್ತದೆ. 2012ರಲ್ಲಿ ಅದು ಯುನೆಸ್ಕೊದ ಪಟ್ಟಿಗೂ ಸೇರಿತು. ಚಿತ್ರ ತೋರಿಸಿದಾಗ ಅತ್ತೆ ಬಹಳ ಹೊತ್ತು ನೋಡಿ, “ಹಾಗಾದ್ರೆ ಮಗು ತೊಟ್ಟಿಮನೆಯಲ್ಲೇ ಇದೆ” ಎಂದು ನಿಟ್ಟುಸಿರು ಬಿಟ್ಟರು.

ಉಳಿದ ಚೀಟಿಗಳು ಹಾಗೆಯೇ ನಿಂತವು. ತೊಟ್ಟಿಯ ಕಂಬದ್ದು ಮಾತ್ರ ಇರಚಲಿಗೆ ನೆನೆದು ದಿನವೂ ಕಳಚಿ ಬೀಳುತ್ತಿತ್ತು. ನಾನು ಹೊರಡುವವರೆಗೂ ಪ್ರತಿದಿನ ಬೆಳಿಗ್ಗೆ ‘ಪಾತಿಯೊ’ ಎಂದು ಹೊಸದಾಗಿ ಬರೆದು ಅಂಟಿಸಿದೆ.