ಮಿಲ್ಟ್ರಿ ಕಾಕಾನ ಗಿರಣಿ

ಸಿಂದಗಿ, ಇಂಡಿ, ಮುದ್ದೇಬಿಹಾಳದ ಕಡೆ ಫೌಜಿನಿಂದ ಬಂದವನು ಗಿರಣಿ ಹಾಕಿದರೆ, ಬೋರ್ಡಿನ ಮೇಲೆ ಯಾವ ದೇವರ ಹೆಸರಿದ್ದರೂ ಊರ ಬಾಯಲ್ಲಿ ಅದು ‘ಮಿಲ್ಟ್ರಿ ಕಾಕಾನ ಗಿರಣಿ’. ಹದಿನೇಳು ವರ್ಷ ನೌಕರಿ ಮುಗಿಸಿದ ಸಿಪಾಯಿಗೆ ಇನ್ನೂ ನಲವತ್ತು ದಾಟಿರುವುದಿಲ್ಲ. ಹೊಲವಿದ್ದರೆ ಅದೂ ಮಳೆ ನಂಬಿದ್ದು.

ಕೈಗೆ ಒಮ್ಮೆಲೇ ಬರುವ ದುಡ್ಡಿನಲ್ಲಿ ಗ್ರ್ಯಾಚುಟಿ, ಪಿ.ಎಫ್. ಜೊತೆಗೆ ಕಮ್ಯುಟೇಶನ್ ಇರುತ್ತದೆ. ಮೂಲ ಪಿಂಚಣಿಯ 50%ವರೆಗೆ ಮೊದಲೇ ಇಡಿಗಂಟಾಗಿ ತಗೊಂಡರೆ, ಆ ಪಾಲು 15 ವರ್ಷ ತಿಂಗಳ ಪಿಂಚಣಿಯಲ್ಲಿ ಬರುವುದಿಲ್ಲ. 2010ರಲ್ಲಿ ತಗೊಂಡವರಿಗೆ ಪೂರ್ತಿ ಪಿಂಚಣಿ ಮರಳುವುದು 2025ಕ್ಕೆ. ತುಟ್ಟಿಭತ್ಯೆ ಮಾತ್ರ ಕಡಿತಕ್ಕೆ ಮುಂಚಿನ ಮೂಲ ಪಿಂಚಣಿಯ ಮೇಲೇ ಲೆಕ್ಕ. ಬಹಳ ಮಂದಿ ಈ ಗಂಟಿನಲ್ಲಿ ಮನೆ ಕಟ್ಟಿ, ಗಿರಣಿಗೆ ಸಾಲ ಮಾಡುತ್ತಾರೆ. ಹಾಗೆ ಮಾಡಬಾರದು: ಈ ಗಂಟಿನಲ್ಲಿ ಮೊದಲು ಪತ್ರಾಸಿನ ಶೆಡ್ಡು, ಮೋಟರು, ಕಲ್ಲು, ಮನೆ ಆಮೇಲೆ.

16 ಇಂಚಿನ ಕಲ್ಲಿಗೆ ತ್ರೀ ಫೇಸ್ 10 ಎಚ್‌ಪಿ ಮೋಟರು ನಿರಾಳ. ಮೋಟರು 1440 ಸುತ್ತಿನದಾದರೆ ಅದಕ್ಕೆ 5 ಇಂಚಿನ ಪುಲಿ, ಗಿರಣಿಗೆ 12 ಇಂಚಿನದು: ಕಲ್ಲು ನಿಮಿಷಕ್ಕೆ 600 ಸುತ್ತು. ಹೆಚ್ಚು ಬೀಸುವ ಆಸೆಗೆ ಗಿರಣಿಯ ಪುಲಿ ಸಣ್ಣದು ಮಾಡಿದರೆ ಹಿಟ್ಟು ಸುಡುತ್ತದೆ. ಸುಟ್ಟ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ. ಮಾಲ್ದಂಡಿ ಜೋಳ ತಂದುಕೊಟ್ಟ ಅಕ್ಕ ಮರುದಿನ ಹಿಟ್ಟಿನ ಡಬ್ಬಿ ಹೊತ್ತು ವಾಪಸು ಬರುತ್ತಾಳೆ: ‘ಕಾಕಾ, ಇದನ್ನ ನೀವs ಬಡೀರಿ.’ ಜೋಳ ಹಳೆಯದಾಗಿದ್ದರೂ ಜಿಗಿ ಹೋಗಿರುತ್ತದೆ; ಆಗ ಎಸರು ಹಾಕಿ ನಾದಲು ಹೇಳಬೇಕು.

ಒಂದು ಫೇಸ್ ಹೋದರೆ ಮೋಟರು ಗುಂಯ್ ಎನ್ನುತ್ತ ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಆಗ ಮೋಟರನ್ನು ತಾನೇ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸದೆ ಸ್ವಿಚ್ ಮುಟ್ಟಬಾರದು.

ಪಳಗಿದ ಗಿರಣಿಯವನು ಕಲ್ಲನ್ನು ಕಿವಿಯಿಂದ ನಡೆಸುತ್ತಾನೆ. ಕಾಳು ತೀರಿದರೆ ಕಲ್ಲಿಗೆ ಕಲ್ಲು ತಾಗುವ ಸದ್ದು, ಬೆಲ್ಟು ಜಾರಿದರೆ ಕೀರಲು. 1999ರಲ್ಲಿ ಕಾರ್ಗಿಲ್‌ನಲ್ಲಿ 155 ಎಂಎಂ ಬೋಫೋರ್ಸ್ ತೋಪಿನ ಪಕ್ಕ ನಿಂತು ಕಿವಿ ಮಂದವಾದವನಿಗೆ ತೆಳುವಾದ ಈ ಸದ್ದುಗಳೇ ಮೊದಲು ತಪ್ಪುತ್ತವೆ. ಅಂಥವನು ಕೈ ನಂಬಬೇಕು. ಹಿಟ್ಟು ಬೀಳುವಲ್ಲಿ ಆಗಾಗ ಬೆರಳೊಡ್ಡಿದರೆ ಬಿಸಿಯೂ ನುಣುಪೂ ತಿಳಿಯುತ್ತದೆ. ಬೆಚ್ಚಗಿದ್ದರೆ ಸರಿ. ಹಿಡಿದಿರಲಾಗದಷ್ಟು ಸುಟ್ಟರೆ ಕಲ್ಲು ಸಡಿಲಿಸಬೇಕು. ಅಷ್ಟಕ್ಕೂ ಆರದಿದ್ದರೆ ಗೀರು ಸವೆದಿದೆ, ಉಳಿ ಹಿಡಿದು ಹೊಸದಾಗಿ ಹೊಡೆಯಬೇಕು. ಹೊಡೆದ ಮೇಲೆ ಮೊದಲ ಎರಡು ಮೂರು ಕಿಲೋ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇರುತ್ತದೆ, ಯಾರಿಗೂ ಕೊಡಬಾರದು, ದನಕ್ಕೂ. ಖಾರಕ್ಕೆ ಬೇರೆಯೇ ಮಶೀನು ಬೇಕು, ಇದರಲ್ಲಿ ಒಮ್ಮೆ ಕುಟ್ಟಿದರೂ ವಾರದ ಗಿರಾಕಿ ಹೋದಂತೆ.

ಎಳ್ಳಮಾವಾಸ್ಯೆಯ ಹಿಂದಿನ ನಾಲ್ಕು ದಿನ ಸಜ್ಜಿ ಹೊತ್ತವರ ಸಾಲು. ಸಜ್ಜಿ ಹಿಟ್ಟು ಬೇಗ ಕಹಿಯಾಗುತ್ತದೆ, ಅದಕ್ಕೇ ಯಾರೂ ಮುಂಚೆ ಬೀಸಿಸುವುದಿಲ್ಲ.

ಅದಕ್ಕೂ ಮೊದಲು, ಸಾಮಾನ್ಯವಾಗಿ ನವೆಂಬರಿನಲ್ಲಿ, ಪಿಂಚಣಿಗೆ ಜೀವನ ಪ್ರಮಾಣಪತ್ರ ಕೊಡಬೇಕು. ಹಿಟ್ಟು ತಿಕ್ಕಿ ನೋಡಿ, ಕಲ್ಲು ಹೊಡೆದು ಬೆರಳಿನ ಗೆರೆ ಸವೆದವನ ಹೆಬ್ಬೆಟ್ಟನ್ನು ಯಂತ್ರ ಹಿಡಿಯದೆ ಹೋಗಬಹುದು. ಆಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಮೊದಲು ಹಿಟ್ಟು ತೊಳೆದುಕೊಳ್ಳಿ, ಬೆಳಕಿಗೆ ಬನ್ನಿ.