ಹೆಲಿಕಾಪ್ಟರ್ ತಾತ, ಡಕೋಟಾ ತಾತ

ಯುದ್ಧದ ವಿಮಾನ ಅಂದ್ರೆ ನಮ್ಮ ಜನಕ್ಕೆ ಫೈಟರೇ ಕಣ್ಮುಂದೆ ಬರೋದು, ಮಿಗ್, ನ್ಯಾಟ್, ಹಂಟರ್. ಸಾಮಾನು ಹೊತ್ತವರು, ಸೈನಿಕರನ್ನ ಇಳಿಸಿದವರು, ರಾತ್ರಿಯೆಲ್ಲ ಇಂಜಿನ್ ರಿಪೇರಿ ಮಾಡಿದವರು ಯಾರ ಲೆಕ್ಕಕ್ಕೂ ಇಲ್ಲ. ಮೊನ್ನೆ ಏರ್‌ಫೋರ್ಸ್‌ನಿಂದ ರಿಟೈರ್ ಆದ ಒಂದಷ್ಟು ಹಿರಿಯರ ಜೊತೆ ಕೂತು ಮಾತಾಡೋ ಚಾನ್ಸ್ ಸಿಕ್ತು, ಎಲ್ರೂ ಎಂಬತ್ತರ ಆಚೀಚೆಯವರು, ಬೆಳಿಗ್ಗೆ ಯಾವ ಮಾತ್ರೆ ತಗೊಂಡೆ ಅಂತ ನೆನಪಿರಲ್ಲ, ಆದ್ರೆ 1971ರ ಪಾಕಿಸ್ತಾನದ ಜೊತೆಗಿನ ಯುದ್ಧ ಅಂದ್ರೆ ಸಾಕು ತಾರೀಖಿನ ಸಮೇತ ಶುರು.

ಅವರಲ್ಲೊಬ್ರು ಎಂಐ-4 ಹೆಲಿಕಾಪ್ಟರ್ ಪೈಲಟ್. "ಭಯ ಆಗ್ತಿರ್ಲಿಲ್ವಾ ಸರ್" ಅಂತ ಯಾರೋ ಕೇಳಿದ್ರು, "ಭಯ ಏನ್ ಬಂತು" ಅಂದು ಸುಮ್ನಾದ್ರು. ಅದೇ ಆ ಮಷೀನ್ ಹೆಂಗಿರುತ್ತೆ ಅಂತ ಕೇಳಿದ್ದೇ ತಡ, ಕುರ್ಚಿ ಮುಂದಕ್ಕೆ ಎಳ್ಕೊಂಡ್ರು. ಮೂತಿಯಲ್ಲಿ ದೊಡ್ಡ ಪೆಟ್ರೋಲ್ ಇಂಜಿನ್, ಅದರ ನೆತ್ತಿ ಮೇಲೆ ಪೈಲಟ್ ಸೀಟು, ಕೆಳಗೆ ಹೊಟ್ಟೆಯೊಳಗೆ ಜವಾನರು, ಎಷ್ಟು ಜನ ಹತ್ತಿದ್ರು ಅನ್ನೋದು ಮೇಲೆ ಕೂತೋರಿಗೆ ಕಾಣಲ್ವಂತೆ, ಮೇಲೇಳುವಾಗ ಇಂಜಿನ್ ನರಳಿದ್ರೆ ಗೊತ್ತಾಗ್ಬೇಕು ಅಷ್ಟೆ.

ಹಂಗೇ ಈಗಿನ ಬಾಂಗ್ಲಾದೇಶದ ಮೇಘನಾ ನದಿ ಕಥೆಗೆ ಬಂದ್ರು. ಆಶುಗಂಜ್ ಸೇತುವೆನ ಪಾಕಿಸ್ತಾನದ ಸೇನೆ ಹಿಂದೆ ಸರಿಯುವಾಗ ಉಡಾಯಿಸಿಬಿಟ್ಟಿತ್ತು, ಢಾಕಾ ಇರೋದು ಆಚೆ ಕಡೆ. ಅಲ್ಲಿ ನಮ್ಮ ಸೇನೆ ನಡೆಸ್ತಿದ್ದ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ಸೇತುವೆ ನಂಬ್ಕೊಂಡು ಕೂರ್ಲಿಲ್ಲ, ಡಿಸೆಂಬರ್ 9ರಿಂದ ಎಂಐ-4ಗಳಲ್ಲೇ ಸೈನಿಕರನ್ನ ದಾಟಿಸಿ ರಾಯ್‌ಪುರಾ ಹತ್ರ ಇಳಿಸಿದ್ರು. 14 ಜನ ಹತ್ತೋ ಹೆಲಿಕಾಪ್ಟರ್‌ಗೆ 23 ಜನನ್ನ ತುಂಬಿದ್ದು ಉಂಟು, ರಾತ್ರಿ ಇಳಿಯೋಕೆ ಟಾರ್ಚ್ ಬೆಳಕೇ ಗತಿ.

ಹೆಲಿಕಾಪ್ಟರ್ ತಾತ ತಮ್ಮ ಫ್ಲೈಯಿಂಗ್ ಲಾಗ್‌ಬುಕ್, ಅಂದ್ರೆ ಹಾರಾಟದ ಲೆಕ್ಕದ ಪುಸ್ತಕ, ಕೈಗೆ ಕೊಟ್ರು. ತಾರೀಖು, ಹೆಲಿಕಾಪ್ಟರ್ ನಂಬರು, ಗಂಟೆ ನಿಮಿಷ, ಡ್ಯೂಟಿ ಅನ್ನೋ ಕಡೆ 'ಟ್ರೂಪ್ ಲಿಫ್ಟ್' (ಸೈನಿಕರ ಸಾಗಣೆ) ಅಂತ ಎರಡೇ ಪದ. ರಾತ್ರಿ ಹಾರಿದ್ದಕ್ಕೆ ಕೆಂಪು ಇಂಕು. ಪುಟಗಟ್ಟಲೆ ನೀಲಿ ಇದ್ದು ಆ ಒಂದು ಕಡೆ ಮಾತ್ರ ಕೆಂಪು ಸಾಲು ಒಂದರ ಕೆಳಗೊಂದು. ಎಲ್‌ಐಸಿ ಪೇಪರ್‌ಗಳ ಜೊತೆ ಬೀರುವಲ್ಲಿ ಬಿದ್ದಿತ್ತಂತೆ, ಮಕ್ಕಳಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿರ್ಲಿಲ್ಲ.

ಇನ್ನೊಬ್ರು ಡಕೋಟಾ ಅನ್ನೋ ಸಾಗಣೆ ವಿಮಾನದ ಗ್ರೌಂಡ್ ಕ್ರೂ, ನೆಲದ ಮೇಲಿದ್ದು ರಿಪೇರಿ ನೋಡ್ಕೊಳ್ಳೋರು. ಡಿಸೆಂಬರ್ 11ಕ್ಕೆ ಬಾಂಗ್ಲಾದ ಟಾಂಗೈಲ್‌ನಲ್ಲಿ 2 ಪ್ಯಾರಾ ಬೆಟಾಲಿಯನ್‌ನ ಪ್ಯಾರಾಚೂಟಲ್ಲಿ ಇಳಿಸಿದ್ರಲ್ಲ, ಅದಕ್ಕೆ ಎಎನ್-12, ಪ್ಯಾಕೆಟ್, ಕ್ಯಾರಿಬೂ ಅನ್ನೋ ಬೇರೆ ಸಾಗಣೆ ವಿಮಾನಗಳ ಜೊತೆ ಡಕೋಟಾನೂ ಹೋಗಿದ್ದು. ಪ್ಯಾರಾಗಳು ಹಾರಿದ್ದನ್ನ ಇವರು ನೋಡೇ ಇಲ್ಲ. ಇವರಿಗೆ ನೆನಪಿರೋದು ವಿಮಾನ ವಾಪಸ್ ಬಂದ್ಮೇಲೆ ಯಾವ ಇಂಜಿನ್ ಆಯಿಲ್ ಸೋರ್ತಿತ್ತು ಅನ್ನೋದು, ಎಡಗಡೆದು ಅಂತ ಬೇರೆ ಒತ್ತಿ ಹೇಳ್ತಾರೆ! ನನಗಂತೂ ಇಂಥದ್ದೇ ಇಷ್ಟ, ಪುಸ್ತಕದಲ್ಲಿ ಇದೆಲ್ಲ ಎಲ್ಲಿ ಸಿಗುತ್ತೆ.

ಹಾಗಂತ ಫೈಟರ್‌ನವರೆಲ್ಲ ನೆನಪಲ್ಲಿ ಉಳಿದ್ರು ಅಂತಲೂ ಇಲ್ಲ. ನಮ್ಮ ಕೊಡಗಿನ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಗೆ ಹೋದವರು ತಿರುಗಿ ಬರಲಿಲ್ಲ. ತಮ್ಮ ವಿಮಾನಕ್ಕಿಂತ ಎಷ್ಟೋ ಜೋರಾಗಿದ್ದ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದನ್ನ ಹೊಡೆದುರುಳಿಸಿ ಹೋದ್ರು ಅನ್ನೋದು ನಮ್ಮವರಿಗೆ ವರ್ಷಗಟ್ಟಲೆ ಗೊತ್ತೇ ಇರ್ಲಿಲ್ಲ, ಹೊರದೇಶದವರೊಬ್ರು ಬರೆದ ಮೇಲೆ ಬೆಳಕಿಗೆ ಬಂದು ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ.

ಇದನ್ನೆಲ್ಲ ಮಾತಾಡ್ತಾ ಮಾತಾಡ್ತಾ ಇಬ್ಬರು ತಾತಂದ್ರಿಗೂ ಜಟಾಪಟಿ ಹತ್ಕೊಂತು. "1947ರಲ್ಲೇ ಶ್ರೀನಗರಕ್ಕೆ ಸೈನ್ಯ ಇಳಿಸಿದ್ದು ನಮ್ ಡಕೋಟಾ, ಆಗ ನಿಮ್ ಹೆಲಿಕಾಪ್ಟರ್ ಎಲ್ಲಿತ್ತು ಸರ್" ಅಂತ ಇವರು, "ರನ್‌ವೇ ಇದ್ರೆ ಯಾರ್ ಬೇಕಾದ್ರೂ ಇಳಿಸ್ತಾರೆ, ಕತ್ತಲಲ್ಲಿ ಗದ್ದೆಗೆ ಇಳಿಸಯ್ಯ ನೋಡೋಣ" ಅಂತ ಅವರು. ಮುಂದಿನ ಸಲ ಎಎನ್-12 ಕ್ರೂನವರೊಬ್ರನ್ನ ಕರೆಸ್ತಾರಂತೆ, ಸಾಮಾನು ಹೊರೋ ಆ ವಿಮಾನದಿಂದಲೇ ಬಾಂಬ್ ಹಾಕಿದ ಕಥೆ ಇನ್ನೂ ಬಾಕಿ ಇದೆ.